ವೇದನೆಯ ದಿನದ ವ್ರತ

ಭಾದ್ರಪದ ಶುಕ್ಲ ಪಂಚಮಿಯು ಸಮೀಪಿಸುತ್ತಿದ್ದಂತೆ ಶ್ರಾವಕ-ಶ್ರಾವಿಕೆಯರ ಮನೆಗಳಲ್ಲಿ ದಶಲಕ್ಷಣ ಪರ್ವದ ಸಂಕಲ್ಪಗಳು ಆರಂಭವಾಗುತ್ತವೆ. ಒಬ್ಬರು ಹತ್ತು ದಿನವೂ ಏಕಭುಕ್ತವೆಂದು ನಿಶ್ಚಯಿಸಿದರೆ, ಇನ್ನೊಬ್ಬರು ಪಂಚಮಿ, ಅಷ್ಟಮಿ, ಚತುರ್ದಶಿಗಳಲ್ಲಿ ನಿರ್ಜಲ ಉಪವಾಸವೆಂದು ನಿಶ್ಚಯಿಸುತ್ತಾರೆ. ಅನಂತನ ನೋಂಪಿಯನ್ನು ಹಿಡಿದವರು ಉದ್ಯಾಪನೆಯ ಸಿದ್ಧತೆಯಲ್ಲಿರುತ್ತಾರೆ. ಈ ಸಂಭ್ರಮದ ನಡುವೆ ಯಾವ ಸಂಕಲ್ಪವನ್ನೂ ಬಾಯಿಬಿಟ್ಟು ಹೇಳಲಾರದೆ ಮನೆಯ ಒಂದು ಮೂಲೆಯಲ್ಲಿ ಕುಳಿತಿರುವ ಜೀವಗಳೂ ಉಂಟು. ವರ್ಷಗಳಿಂದ ನರಗಳ ಉರಿ, ಸ್ನಾಯುಗಳ ಸೆಳೆತ ಇವುಗಳಿಂದ ಬಳಲುತ್ತಿರುವ ಇವರಿಗೆ ನಾಳೆಯ ದಿನ ಹೇಗಿರುವುದೆಂಬುದೇ ತಿಳಿಯದು. ಇಂತಹವರ ವ್ರತ ಯಾವುದು? ನೋವು ಕೆರಳಿದ ದಿನ ಉಪವಾಸವನ್ನು ಬಿಟ್ಟರೆ ದೋಷವೇ? ಬಿಡದೆ ನರಳಿದರೆ ಪುಣ್ಯವೇ? ಈ ಪ್ರಶ್ನೆಗಳು ಸಣ್ಣವೆಂದು ತೋರಿದರೂ ವ್ರತದ ಮರ್ಮವನ್ನೇ ಮುಟ್ಟುವಂತಹವು.

ನಿದರ್ಶನಕ್ಕಾಗಿ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಬಹುದು. ಇಪ್ಪತ್ತು ವರ್ಷಗಳಿಂದ ಅಷ್ಟಮಿ-ಚತುರ್ದಶಿಗಳ ಉಪವಾಸವನ್ನು ತಪ್ಪಿಸದವಳು ಆಕೆ. ಒಮ್ಮೆ ಆಕೆಗೆ ಸರ್ಪಸುತ್ತು ಬಂದಿತು. ಗುಳ್ಳೆಗಳು ಒಣಗಿ ಮಾಯವಾದರೂ ಎದೆಯ ಒಂದು ಪಾರ್ಶ್ವದಲ್ಲಿ ಉರಿ ಉಳಿದುಕೊಂಡಿತು. ಕೆಲವು ದಿನ ಸೀರೆಯ ಸೆರಗು ತಗುಲಿದರೂ ಕೆಂಡ ಸೋಕಿದಂತಾಗುವುದು. ನೋವಿಗೆ ಅಂಜಿ ಮೈಯನ್ನು ಬಿಗಿಹಿಡಿದು ಬಿಗಿಹಿಡಿದು ಕತ್ತು, ಭುಜ, ಬೆನ್ನುಗಳ ಸ್ನಾಯುಗಳೂ ಗಂಟುಕಟ್ಟಿದಂತಾದವು. ಒಂದು ಪರ್ವದಲ್ಲಿ ಆಕೆ ಯಾರಿಗೂ ಹೇಳದೆ ವೈದ್ಯರು ಕೊಟ್ಟ ಮಾತ್ರೆಗಳನ್ನು ಎರಡು ದಿನ ನಿಲ್ಲಿಸಿ, ಚತುರ್ದಶಿಯಂದು ನೀರನ್ನೂ ಬಿಟ್ಟಳು. ಆ ಇರುಳು ವೇದನೆ ಉಲ್ಬಣಿಸಿತು. ನಿದ್ರೆ ಬರಲಿಲ್ಲ. ಬಸದಿಯಿಂದ ಕೇಳಿಬಂದ ಪೂಜೆಯ ಘಂಟಾನಾದವೂ ಅಸಹ್ಯವೆನಿಸಿತು. ನೀರು ಬೇಕೇ ಎಂದು ಕೇಳಲು ಬಂದ ಸೊಸೆಯನ್ನು ಕಠೋರವಾಗಿ ನಿಂದಿಸಿದಳು. ಬೆಳಿಗ್ಗೆ ಪಾರಣೆಯ ವೇಳೆಗೆ ಎಲ್ಲರೂ ಆಕೆಯ ಉಪವಾಸವನ್ನು ಕೊಂಡಾಡಿದರು. ಆದರೆ ಆಕೆಯ ಅಂತರಂಗ ಮಾತ್ರ ಒಂದನ್ನೇ ಕೇಳುತ್ತಿತ್ತು: ವ್ರತ ಉಳಿಯಿತೇ, ಅಳಿಯಿತೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಇಂತಹ ನೋವಿನ ಸ್ವರೂಪವನ್ನು ಅರಿಯುವುದು ಅಗತ್ಯ. ಗಾಯವಾದಾಗ ಉಂಟಾಗುವ ನೋವು ಗಾಯ ಮಾಗಿದೊಡನೆ ಶಮನವಾಗುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ನೋವೆಂದು ಕರೆಯುತ್ತದೆ. ಸರ್ಪಸುತ್ತಿನ ಅನಂತರ ಉಳಿಯುವ ನರವೇದನೆ, ಮಧುಮೇಹಿಗಳ ಪಾದಗಳ ಉರಿ, ಸೊಂಟದಿಂದ ಕಾಲಿಗೆ ಹರಿಯುವ ನರಶೂಲೆ, ಮೈಯೆಲ್ಲ ವ್ಯಾಪಿಸುವ ಫೈಬ್ರೊಮಯಾಲ್ಜಿಯ ಮೊದಲಾದವು ಈ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಅನೇಕ ವೇಳೆ ನರಮಂಡಲವೇ ಅತಿಸೂಕ್ಷ್ಮವಾಗಿ, ಅಲ್ಪ ಸ್ಪರ್ಶವನ್ನೂ ಮಹಾವೇದನೆಯನ್ನಾಗಿ ಮಿದುಳಿಗೆ ಒಯ್ಯುತ್ತದೆ. ಹೊರಗೆ ಗಾಯವಿರುವುದಿಲ್ಲ, ಬಾವು ಇರುವುದಿಲ್ಲ. ಆದ್ದರಿಂದಲೇ "ನಿನ್ನೆ ಚೆನ್ನಾಗಿಯೇ ಇದ್ದಳಲ್ಲ" ಎಂಬ ಮಾತು ಮನೆಗಳಲ್ಲಿ ಸುಲಭವಾಗಿ ಹೊರಡುತ್ತದೆ. ನಿದ್ರಾಭಂಗ, ಅತಿಶ್ರಮ, ಮನಃಕ್ಷೋಭೆ, ಔಷಧಿ ತಪ್ಪುವುದು ಇವುಗಳಿಂದ ನೋವು ಕೆರಳುವುದುಂಟು. ಒಮ್ಮೊಮ್ಮೆ ಯಾವ ಕಾರಣವೂ ಕಾಣದೆ ಕೆರಳುವುದೂ ಉಂಟು.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ದ್ವಾರವಿದ್ದಂತೆ ಇದೆಯೆಂದೂ, ಮಿದುಳಿನಿಂದ ಇಳಿದು ಬರುವ ಪ್ರಭಾವಗಳು ಆ ದ್ವಾರವನ್ನು ಹಿಗ್ಗಿಸಲೂ ಕುಗ್ಗಿಸಲೂ ಬಲ್ಲವೆಂದೂ ಪ್ರತಿಪಾದಿಸಿದರು. ಆ ಸಿದ್ಧಾಂತದ ವಿವರಗಳು ಮುಂದೆ ಮಾರ್ಪಾಡು ಹೊಂದಿದರೂ ಮನಸ್ಸಿನ ಸ್ಥಿತಿ ನೋವಿನ ತೀವ್ರತೆಯನ್ನು ಬದಲಿಸಬಲ್ಲದೆಂಬ ಅಂಶ ಸ್ಥಿರವಾಗಿ ನಿಂತಿದೆ. ಇದರಿಂದ ನೋವು ಕಲ್ಪಿತವೆಂದು ತಿಳಿಯಲಾಗದು. 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದ ಅಂತರರಾಷ್ಟ್ರೀಯ ವೈದ್ಯಸಂಘವು, ನೋವಾಗುತ್ತಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ಸ್ಪಷ್ಟವಾಗಿ ಸೇರಿಸಿತು.

ಈಗ ಮೊದಲನೆಯ ಶಂಕೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು. ಹಾಗಾದರೆ ಔಷಧಿಯನ್ನು ದೂರವಿಟ್ಟು ನೋವನ್ನು ಸಹಿಸುವುದೇ ಪರೀಷಹಜಯವಲ್ಲವೇ?

ಸಮಾಧಾನವಿದು. ಪರೀಷಹವನ್ನು ಸಹಿಸುವುದರ ಉದ್ದೇಶವನ್ನು ಉಮಾಸ್ವಾಮಿ ಆಚಾರ್ಯರು ಎರಡಾಗಿ ಹೇಳಿದ್ದಾರೆ. ಮಾರ್ಗದಿಂದ ಜಾರದಿರುವುದು ಒಂದು, ಕರ್ಮನಿರ್ಜರೆ ಇನ್ನೊಂದು. ಸಹಿಸುವ ಕ್ರಿಯೆಯೇ ಮಾರ್ಗದಿಂದ ಜಾರಲು ಕಾರಣವಾದರೆ ಅದು ಪರೀಷಹಜಯವೆನಿಸದು. ಅದೇ ಅಧ್ಯಾಯದಲ್ಲಿ ಆರ್ತಧ್ಯಾನದ ನಾಲ್ಕು ಭೇದಗಳು ನಿರೂಪಿತವಾಗಿವೆ: ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆ, ನಿದಾನ. ಶರೀರದಲ್ಲಿ ನೋವು ಉಂಟಾದಾಗ ಮನಸ್ಸು ಹಗಲಿರುಳು ಅದನ್ನೇ ಸುತ್ತುತ್ತ, ಇದು ಯಾವಾಗ ತೊಲಗುವುದೋ ಎಂದು ಕುದಿಯುವುದು ಮೂರನೆಯ ಆರ್ತಧ್ಯಾನ. ಆ ಗೃಹಿಣಿಯ ಚತುರ್ದಶಿಯ ಇರುಳು ಹೊರಗಿನಿಂದ ಅನಶನವಾಗಿತ್ತು, ಒಳಗಿನಿಂದ ಆರ್ತಧ್ಯಾನವಾಗಿತ್ತು. ಆದರೆ ಆಕೆಯನ್ನು ನಿಂದಿಸಲು ಕಾರಣವಿಲ್ಲ. ಆರ್ತಧ್ಯಾನವು ಅವಿರತರಲ್ಲಿಯೂ ದೇಶವಿರತರಲ್ಲಿಯೂ ಮಾತ್ರವಲ್ಲದೆ ಪ್ರಮತ್ತಸಂಯತ ಮುನಿಗಳಲ್ಲಿಯೂ ಉಂಟಾಗಬಲ್ಲದೆಂದು ಶಾಸ್ತ್ರವೇ ಒಪ್ಪುತ್ತದೆ. ಮುನಿಗಳಿಗೂ ಎದುರಾಗುವ ಅಪಾಯವು ಗೃಹಸ್ಥರಿಗೆ ಎದುರಾದರೆ ನಾಚಿಕೆಪಡಬೇಕಾದುದಿಲ್ಲ, ಎಚ್ಚರಪಡಬೇಕಾದುದಿದೆ.

ಇನ್ನೂ ಒಂದು ವಿಚಾರವುಂಟು. ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವುಗಳನ್ನು ಪರರಿಗೆ ಉಂಟುಮಾಡಿದರೂ, ತನಗೇ ಉಂಟುಮಾಡಿಕೊಂಡರೂ ಅಸಾತಾವೇದನೀಯದ ಆಸ್ರವವೆಂದು ಆರನೆಯ ಅಧ್ಯಾಯವು ತಿಳಿಸುತ್ತದೆ. ಹಾಗಿದ್ದರೆ ಉಪವಾಸ, ಕೇಶಲೋಚಗಳೂ ಆಸ್ರವಕ್ಕೆ ಕಾರಣವಾಗಬೇಕಲ್ಲವೇ ಎಂಬ ಆಕ್ಷೇಪವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡು ಉತ್ತರಿಸಿದ್ದಾರೆ. ಕರುಣಾಳುವಾದ ವೈದ್ಯನು ವ್ರಣವನ್ನು ಕೊಯ್ದಾಗ ರೋಗಿಗೆ ನೋವಾದರೂ ವೈದ್ಯನಿಗೆ ಪಾಪವಿಲ್ಲ, ಏಕೆಂದರೆ ಅವನ ಅಂತರಂಗದಲ್ಲಿ ಕ್ರೋಧಾದಿ ಕಷಾಯಗಳಿಲ್ಲ ಎಂಬುದು ಅವರು ಕೊಡುವ ದೃಷ್ಟಾಂತದ ಸಾರ. ತಪಸ್ಸಿಗೂ ಆತ್ಮಪೀಡನೆಗೂ ಇರುವ ಗಡಿ ಇಲ್ಲಿದೆ. ಎರಡರಲ್ಲಿಯೂ ಶರೀರಕ್ಕೆ ಕ್ಲೇಶವುಂಟು. ಪ್ರಸನ್ನ ಪರಿಣಾಮದಿಂದ ಕೂಡಿದ್ದು ತಪಸ್ಸು. ಹಠ, ಲೋಕಲಜ್ಜೆ, ತನ್ನ ಮೇಲೆಯೇ ತನಗಿರುವ ಕೋಪ ಇವುಗಳಿಂದ ಕೂಡಿದ್ದು ಪೀಡನೆ. ಆ ಗೃಹಿಣಿಯು ಮಾತ್ರೆಯನ್ನು ಮರೆಮಾಡಿ ನಿಲ್ಲಿಸಿದುದು "ಇಪ್ಪತ್ತು ವರ್ಷಗಳ ಹೆಸರು ಹೋದೀತು" ಎಂಬ ಅಂಜಿಕೆಯಿಂದಾಗಿದ್ದರೆ, ಆ ಅಂಜಿಕೆಯಲ್ಲಿ ಮಾನಕಷಾಯದ ಲೇಪವನ್ನು ಆಕೆಯೇ ಗುರುತಿಸಬೇಕಾಗುತ್ತದೆ.

ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಯ ಕಾಲುಗಳನ್ನು ಸುತ್ತಿದ ಲತೆಗಳನ್ನು ನೋಡಿದವರಿಗೆ, ಅಷ್ಟು ಸಹಿಸಿದ ಮಹಾಪುರುಷನ ಮುಂದೆ ತನ್ನ ನೋವು ಎಷ್ಟರದು ಎನಿಸುವುದು ಸಹಜ. ಆದರೆ ಆ ಮೂರ್ತಿಯನ್ನು ಪೂರ್ಣವಾಗಿ ಅರಿಯಬೇಕು. ವರ್ಷಕಾಲ ಪ್ರತಿಮಾಯೋಗದಲ್ಲಿ ನಿಂತ ಬಾಹುಬಲಿಯದು ಉತ್ತಮ ಸಂಹನನದ ಶರೀರ. ಈ ಪಂಚಮ ಕಾಲದ ಜೀವರಿಗೆ ಅಂತಹ ಅಸ್ಥಿಬಂಧವಿಲ್ಲವೆಂದು ಆಗಮವೇ ಹೇಳುತ್ತದೆ. ಅಷ್ಟು ಕಠಿಣ ಕಾಯಕ್ಲೇಶದ ಅನಂತರವೂ, ಅಣ್ಣನಾದ ಭರತನ ವಿಷಯವಾಗಿ ಉಳಿದಿದ್ದ ಸೂಕ್ಷ್ಮವಾದ ಮನದ ಕೊರೆ ಕರಗುವವರೆಗೆ ಕೇವಲಜ್ಞಾನ ಉದಯಿಸಲಿಲ್ಲವೆಂಬುದು ಪರಂಪರೆಯ ಕಥನ. ಶರೀರವು ಎಷ್ಟು ತಾಳಿತೆಂಬ ಲೆಕ್ಕಕ್ಕಿಂತ ಮನಸ್ಸಿನಲ್ಲಿ ಏನು ಉಳಿಯಿತೆಂಬ ಲೆಕ್ಕ ದೊಡ್ಡದೆಂದು ಆ ಕಥೆಯೇ ಬೋಧಿಸುತ್ತದೆ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿತಃ' ಎಂಬ ಪದವನ್ನು ಸೇರಿಸಿರುವುದರ ಅರ್ಥವೂ ಇದೇ. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ಮಾಡಿದ್ದು ತಪಸ್ಸು.

ಎರಡನೆಯ ಶಂಕೆ. ಔಷಧಿಗೆ ಶರಣಾಗುವುದು ದೇಹಮಮತೆಯಲ್ಲವೇ?

ಇದಕ್ಕೆ ಸಮಂತಭದ್ರಾಚಾರ್ಯರ ಜೀವನವೇ ಉತ್ತರ. ಮುನಿಯಾಗಿದ್ದಾಗ ಅವರಿಗೆ ಭಸ್ಮಕ ವ್ಯಾಧಿ ತಗುಲಿತೆಂದೂ, ತಿಂದುದೆಲ್ಲ ಕ್ಷಣದಲ್ಲಿ ಭಸ್ಮವಾಗುವ ಆ ರೋಗವನ್ನು ಮುನಿಚರ್ಯೆಯಲ್ಲಿ ಶಮನಗೊಳಿಸಲಾಗದೆ ಅವರು ಸಲ್ಲೇಖನಕ್ಕೆ ಗುರುಗಳ ಅನುಮತಿ ಬೇಡಿದರೆಂದೂ ಪರಂಪರೆ ಹೇಳುತ್ತದೆ. ದೇವಚಂದ್ರನ ರಾಜಾವಳಿ ಕಥೆಯಲ್ಲಿಯೂ ಈ ವೃತ್ತಾಂತವುಂಟು. ಗುರುಗಳು ಅನುಮತಿ ಕೊಡಲಿಲ್ಲ. ಅವರಿಂದ ಧರ್ಮಪ್ರಭಾವನೆ ಆಗಬೇಕಾದುದು ಬಹಳವಿದೆಯೆಂದು ಅರಿತು, ಮುನಿವೇಷವನ್ನು ತಾತ್ಕಾಲಿಕವಾಗಿ ಬಿಟ್ಟು ರೋಗವನ್ನು ಶಮನಗೊಳಿಸಿಕೊಂಡು ಪುನಃ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ಮಾಡಿದರು. ಸ್ವಯಂಭೂಸ್ತೋತ್ರದ ರಚನೆಯನ್ನು ಪರಂಪರೆಯು ಈ ಘಟನೆಗಳೊಡನೆಯೇ ಜೋಡಿಸುತ್ತದೆ. ಮಹಾವ್ರತಿಗಳಿಗೇ ಗುರುಗಳು ರೋಗಶಮನದ ಮಾರ್ಗವನ್ನು ತೋರಿದರೆಂದ ಮೇಲೆ ಅಣುವ್ರತಿಗಳಾದ ಗೃಹಸ್ಥರು ಮಾತ್ರೆ ನುಂಗುವುದಕ್ಕೆ ಅಳುಕಬೇಕಾದುದಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಔಷಧವೂ ಒಂದು. ಕೊಡುವುದು ಪುಣ್ಯವಾದ ವಸ್ತುವನ್ನು ಯೋಗ್ಯವಾಗಿ ಸ್ವೀಕರಿಸುವುದು ಪಾಪವಾಗಲಾರದು. ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕವೂ, ಕನ್ನಡದಲ್ಲಿ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೂ ಮದ್ಯ-ಮಾಂಸ-ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ಬೋಧಿಸಿದ ಜೈನ ವೈದ್ಯಗ್ರಂಥಗಳು. ಅಹಿಂಸೆಯನ್ನು ಬಿಡದೆ ಆರೋಗ್ಯವನ್ನು ಸಾಧಿಸುವ ವಿವೇಕ ಈ ನಾಡಿನ ಜೈನರಿಗೆ ಹೊಸದಲ್ಲ.

ಆ ವಿವೇಕವು ಇಂದಿನ ಮನೆಗಳಲ್ಲಿಯೂ ಬಳಕೆಗೆ ಬರಬೇಕು. ನರವೇದನೆಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂತಹ ಔಷಧಿಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ. ನಿದ್ರಾಹೀನತೆ, ಕಳವಳ, ಕೆಲವರಲ್ಲಿ ಫಿಟ್ಸ್ ಕೂಡ ಉಂಟಾಗಬಹುದು. ನಿಲ್ಲಿಸಬೇಕಾದರೆ ವೈದ್ಯರ ಸಲಹೆಯಂತೆ ಕ್ರಮಕ್ರಮವಾಗಿ ಇಳಿಸಬೇಕು. ಸಾಮಾನ್ಯ ನೋವುನಿವಾರಕ ಮಾತ್ರೆಗಳಲ್ಲಿ ಹಲವು ಬರಿಯ ಹೊಟ್ಟೆಯಲ್ಲಿ ಜಠರಕ್ಕೂ, ನೀರಿಲ್ಲದ ಶರೀರದಲ್ಲಿ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು. ಮಧುಮೇಹಕ್ಕೆ ಇನ್ಸುಲಿನ್ ಮೊದಲಾದ ಔಷಧಿ ಪಡೆಯುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಕುಸಿದು ಪ್ರಾಣಾಪಾಯವೂ ಆದೀತು. ಹೆಚ್ಚಿನ ಕ್ಯಾಪ್ಸೂಲುಗಳ ಹೊದಿಕೆ ಪ್ರಾಣಿಜನ್ಯವಾದ ಜೆಲಟಿನ್‌ನಿಂದ ಮಾಡಿದ್ದು. ಸಸ್ಯಜನ್ಯ ಹೊದಿಕೆಯದಾಗಲಿ ಮಾತ್ರೆಯ ರೂಪದ್ದಾಗಲಿ ಇದೆಯೇ ಎಂದು ವೈದ್ಯರನ್ನೂ ಔಷಧದ ಅಂಗಡಿಯವರನ್ನೂ ಸಂಕೋಚವಿಲ್ಲದೆ ಕೇಳಬೇಕು. ರಾತ್ರಿಭೋಜನ ತ್ಯಾಗವಿರುವವರು ಇರುಳಿನ ಮಾತ್ರೆಯನ್ನು ಸೂರ್ಯಾಸ್ತಕ್ಕೆ ಮೊದಲೇ ನುಂಗುವಂತೆ ವೇಳೆಯನ್ನು ಹೊಂದಿಸಬಹುದೇ ಎಂದು ಕೇಳಿದರೆ ಅನೇಕ ವೇಳೆ ದಾರಿ ದೊರೆಯುತ್ತದೆ. ಕೇಳದೆ ಗುಟ್ಟಾಗಿ ಬಿಡುವುದರಲ್ಲಿ ವ್ರತವೂ ಇಲ್ಲ, ವಿವೇಕವೂ ಇಲ್ಲ.

ಮೂರನೆಯ ಶಂಕೆ ಹಿರಿಯರಿಂದ ಬರುವುದು. ಹೀಗೆ ಸಡಿಲಗೊಳಿಸುತ್ತ ಹೋದರೆ ಪ್ರತಿಯೊಬ್ಬರೂ ನೋವಿನ ನೆಪ ಹೇಳಿ ವ್ರತವನ್ನು ಬಿಡಲಾರರೇ?

ಈ ಆತಂಕದಲ್ಲಿ ಸತ್ಯಾಂಶವುಂಟು. ಸ್ವೀಕರಿಸಿದ ವ್ರತವನ್ನು ಇಚ್ಛೆ ಬಂದಂತೆ ಮುರಿಯುವುದು ಸಲ್ಲದು. ಆದ್ದರಿಂದಲೇ ದೀರ್ಘರೋಗಿಗಳು ವ್ರತವನ್ನು ಹಿಡಿಯುವ ಮೊದಲೇ ಮುನಿಗಳ, ಆರ್ಯಿಕೆಯರ ಅಥವಾ ಜ್ಞಾನಿಗಳಾದ ಹಿರಿಯರ ಮುಂದೆ ತಮ್ಮ ಸ್ಥಿತಿಯನ್ನು ಇದ್ದಂತೆ ಹೇಳಿ, ನೋವು ಉಲ್ಬಣಿಸಿದ ದಿನ ಏನು ಮಾಡಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಪ್ರೋಷಧೋಪವಾಸಕ್ಕೆ ಉತ್ತಮ, ಮಧ್ಯಮ, ಜಘನ್ಯಗಳೆಂಬ ಭೇದಗಳನ್ನು ವಸುನಂದಿ ಶ್ರಾವಕಾಚಾರದಂತಹ ಗ್ರಂಥಗಳು ಹೇಳಿರುವುದು ಇಂತಹ ಶಕ್ತಿಭೇದಗಳನ್ನು ಅರಿತೇ. ನೀರನ್ನು ಮಾತ್ರ ಸೇವಿಸುವುದಕ್ಕೂ, ಒಂದೇ ಬಾರಿ ಉಣ್ಣುವುದಕ್ಕೂ ಅಲ್ಲಿ ಸ್ಥಾನವಿದೆ. ಅನಶನ ಸಾಧ್ಯವಾಗದವರಿಗೆ ಊಟದ ಪ್ರಮಾಣವನ್ನು ಕುಗ್ಗಿಸುವ ಅವಮೌದರ್ಯವುಂಟು, ತುಪ್ಪ-ಬೆಲ್ಲ-ಉಪ್ಪು ಮೊದಲಾದವುಗಳಲ್ಲಿ ಒಂದನ್ನು ಬಿಡುವ ರಸಪರಿತ್ಯಾಗವುಂಟು. ಅದೂ ವೈದ್ಯರ ಪಥ್ಯಕ್ಕೆ ವಿರೋಧವಾದರೆ ವಿನಯ, ಸ್ವಾಧ್ಯಾಯ, ಧ್ಯಾನಾದಿ ಆರು ಅಂತರಂಗ ತಪಸ್ಸುಗಳ ಬಾಗಿಲು ಯಾರಿಗೂ ಮುಚ್ಚಿಲ್ಲ. ಹಾಗೆಯೂ ನಿಯಮ ತಪ್ಪಿದರೆ ಪ್ರಾಯಶ್ಚಿತ್ತವುಂಟು. ಪ್ರಾಯಶ್ಚಿತ್ತವು ತಪಸ್ಸಿನ ಭೇದಗಳಲ್ಲಿಯೇ ಎಣಿಸಲ್ಪಟ್ಟಿದೆ ಎಂಬುದನ್ನು ಮರೆಯಬಾರದು. ನೆಪವೇ ನಿಜವೇ ಎಂಬ ಪರೀಕ್ಷೆಯನ್ನು ಅವರವರ ಆತ್ಮಸಾಕ್ಷಿಯೇ ಮಾಡಬೇಕು. ನೆರೆಹೊರೆಯವರ ಕಣ್ಣಿಗೆ ಆ ಅಳತೆ ಸಿಗದು.

ಇನ್ನು ವೇದನೆ ಉಲ್ಬಣಿಸಿದ ಗಳಿಗೆಯಲ್ಲಿ ಏನು ಮಾಡಬೇಕು? ಆಗ ಬುದ್ಧಿ ಮಂಕಾಗುವುದರಿಂದ ನೆಮ್ಮದಿಯ ದಿನದಲ್ಲಿಯೇ ಒಂದು ಕ್ರಮವನ್ನು ಬರೆದಿಡುವುದು ಲೇಸು. ಯಾವ ಮಾತ್ರೆ, ಎಷ್ಟು, ಯಾವ ಕೆಲಸವನ್ನು ಬಿಡಬಹುದು, ಯಾವುದನ್ನು ಯಾರು ವಹಿಸಿಕೊಳ್ಳುವರು, ಯಾವಾಗ ವೈದ್ಯರಲ್ಲಿಗೆ ಹೋಗಬೇಕು ಎಂಬುದು ಅದರಲ್ಲಿರಬೇಕು. ಕಾಲಿನ ಬಲ ಇದ್ದಕ್ಕಿದ್ದಂತೆ ಕುಗ್ಗಿದರೆ, ತೊಡೆಸಂದಿಯಲ್ಲಿ ಸ್ಪರ್ಶವೇ ತಿಳಿಯದಂತಾದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ನಾಯುಗಳ ಬಿಗಿತಕ್ಕೆ ಹದವಾದ ಶಾಖ ಹಿತಕರ. ಆದರೆ ಸ್ಪರ್ಶಜ್ಞಾನ ಕುಗ್ಗಿದ ಪಾದಗಳಿಗೆ ಬಿಸಿನೀರಿನ ಚೀಲವನ್ನು ಇಡಬಾರದು, ಸುಟ್ಟರೂ ತಿಳಿಯದು. ನೋವು ಇಳಿದ ದಿನ ಬಾಕಿಯ ಕೆಲಸವನ್ನೆಲ್ಲ ಒಮ್ಮೆಗೇ ಮಾಡಿ ಮರುದಿನ ಹಾಸಿಗೆ ಹಿಡಿಯುವುದೂ, ಅಂಜಿಕೆಯಿಂದ ದಿನಗಟ್ಟಲೆ ಚಲಿಸದೆ ಮಲಗುವುದೂ ಎರಡೂ ಅತಿಗಳು. ಸ್ವಲ್ಪ ಕೆಲಸ, ಸ್ವಲ್ಪ ವಿಶ್ರಾಂತಿ ಎಂಬ ಮಿತಿಯೇ ಇಂತಹವರಿಗೆ ದಿನನಿತ್ಯದ ಸಂಯಮ.

ಮನಸ್ಸಿಗೂ ಒಂದು ಆಧಾರ ಬೇಕು. ಒಂಬತ್ತು ಬಾರಿ ಣಮೋಕಾರವನ್ನು ಇಪ್ಪತ್ತೇಳು ಉಸಿರುಗಳಲ್ಲಿ ಸ್ಮರಿಸುವ ಕಾಯೋತ್ಸರ್ಗದ ಕ್ರಮ ಮನೆಮನೆಗೂ ಪರಿಚಿತ. ನಿಧಾನವಾದ ಉಸಿರು ಬಿಗಿದ ಸ್ನಾಯುಗಳನ್ನು ಸಡಿಲಿಸಲು ನೆರವಾಗುವುದೆಂದು ವೈದ್ಯರೂ ಹೇಳುತ್ತಾರೆ. ನೋವಿಲ್ಲವೆಂದು ನಟಿಸಬೇಕಾಗಿಲ್ಲ. ಶರೀರದಲ್ಲಿ ಅಸಾತೆಯ ಉದಯವಿದೆ, ಉದಯಕ್ಕೆ ಬಂದದ್ದು ನಿಲ್ಲುವುದಿಲ್ಲ, ತಿಳಿಯುವ ಆತ್ಮ ಬೇರೆ ಎಂಬ ಭೇದವಿಜ್ಞಾನವನ್ನು ಒಂದು ಉಸಿರಿನಷ್ಟು ಹೊತ್ತು ಹಿಡಿದರೂ ಅಷ್ಟು ಹೊತ್ತು ಆರ್ತಧ್ಯಾನಕ್ಕೆ ಎಡೆಯಿಲ್ಲ. ಅದು ತಪ್ಪಿಹೋದರೆ ಮುಂದಿನ ಉಸಿರಿನಲ್ಲಿ ಪುನಃ ಹಿಡಿಯಬಹುದು. ಮಲಗಿದಲ್ಲಿಯೇ ಮಾಡಬಹುದಾದ ವ್ರತವಿದು.

ಆದರೆ ಈ ಕರ್ಮಸಿದ್ಧಾಂತವನ್ನು ಯಾರು ಯಾರಿಗೆ ಹೇಳಬೇಕೆಂಬುದರಲ್ಲಿ ಎಚ್ಚರ ಬೇಕು. ನೋವುಂಡವನು ತನ್ನ ಕರ್ಮವೆಂದು ತಿಳಿದು ಸಮತೆ ತಾಳಿದರೆ ಅದು ತತ್ತ್ವಜ್ಞಾನ. ಪಕ್ಕದಲ್ಲಿ ನಿಂತವನು "ನಿನ್ನ ಕರ್ಮ, ಅನುಭವಿಸು" ಎಂದರೆ ಅದು ನಿರ್ದಯೆ. ನಿಂತವನಿಗೆ ಶಾಸ್ತ್ರವು ವಿಧಿಸಿರುವುದು ವೈಯಾವೃತ್ತ್ಯ, ಸ್ಥಿತಿಕರಣ, ವಾತ್ಸಲ್ಯ. ಜಾರುತ್ತಿರುವವರನ್ನು ಧರ್ಮದಲ್ಲಿ ನಿಲ್ಲಿಸುವುದು ಸಮ್ಯಗ್ದರ್ಶನದ ಅಂಗವೆಂದ ಮೇಲೆ, ಚತುರ್ದಶಿಯಂದು ನರಳುತ್ತಿರುವ ಅತ್ತೆಗೆ ಕಾಯಿಸಿ ಸೋಸಿದ ನೀರನ್ನೂ ಮಾತ್ರೆಯನ್ನೂ ತಂದುಕೊಡುವ ಸೊಸೆ ತಪಸ್ಸನ್ನೇ ಆಚರಿಸುತ್ತಿದ್ದಾಳೆ. ಸೊಸೆಯೇ ನೋವಿನಿಂದ ಮಲಗಿದ ದಿನ ಅಡಿಗೆಮನೆಯ ಭಾರವನ್ನು ಮಾತಿಲ್ಲದೆ ಹೊರುವ ಅತ್ತೆಯೂ, ಮಗನೂ ಹಾಗೆಯೇ.

ದೀರ್ಘವೇದನೆಯವರಲ್ಲಿ ಕೆಲವರ ಮನಸ್ಸು ಜೀವನವೇ ಬೇಡವೆನ್ನುವಷ್ಟು ಕುಗ್ಗುವುದುಂಟು. ಆಗ ಸಲ್ಲೇಖನದ ಹೆಸರನ್ನು ಎತ್ತುವುದು ಶಾಸ್ತ್ರಕ್ಕೂ ಅಪಚಾರ. ಪ್ರತೀಕಾರವಿಲ್ಲದ ಸ್ಥಿತಿಯಲ್ಲಿ ಮಾತ್ರ ಅದನ್ನು ಹೇಳಿದವರು, ಗುರುಗಳ ಮಾತಿನಂತೆ ತಾವೇ ಚಿಕಿತ್ಸೆಗೆ ಒಪ್ಪಿದ ಸಮಂತಭದ್ರರು. ನಿರಾಶೆಗೂ ಪ್ರತೀಕಾರವುಂಟು. ಅದನ್ನು ಮನೆಯವರೊಡನೆಯೂ ವೈದ್ಯರೊಡನೆಯೂ ಅಂದೇ ಹೇಳಿಕೊಳ್ಳಬೇಕು, ಕೇಳಿದವರು ಹಗುರವಾಗಿ ತಳ್ಳಿಹಾಕಬಾರದು.

ಆ ಗೃಹಿಣಿಯ ಮುಂದಿನ ಭಾದ್ರಪದವನ್ನೂ ಕಲ್ಪಿಸಿಕೊಳ್ಳಬಹುದು. ಈ ಬಾರಿ ಆಕೆ ಪರ್ವಕ್ಕೆ ಮೊದಲೇ ಗುರುಗಳ ಮುಂದೆ ಎಲ್ಲವನ್ನೂ ಹೇಳಿ, ವೈದ್ಯರ ಒಪ್ಪಿಗೆಯಂತೆ ಏಕಭುಕ್ತವನ್ನು ಹಿಡಿದಿದ್ದಾಳೆ. ಚತುರ್ದಶಿಯಂದು ಉರಿ ಪುನಃ ಏಳುತ್ತದೆ. ಸೂರ್ಯಾಸ್ತಕ್ಕೆ ಮೊದಲು ಮಾತ್ರೆಯನ್ನು ನುಂಗಿ, ಒರಗಿ ಕುಳಿತು, ಉಸಿರಿಗೊಂದು ಪದದಂತೆ ಮಂತ್ರವನ್ನು ನೆನೆಯುತ್ತಾಳೆ. ನೋವು ಪೂರ್ಣವಾಗಿ ಅಡಗುವುದಿಲ್ಲ. ಆದರೆ ಬಸದಿಯ ಘಂಟಾನಾದ ಕೇಳಿದಾಗ ಕೈಗಳು ತಾವಾಗಿಯೇ ಮುಗಿಯುತ್ತವೆ. ಕ್ಷಮಾವಣಿಯ ದಿನ ಸೊಸೆಯನ್ನು ಹತ್ತಿರ ಕರೆದು, ಹಿಂದಿನ ವರ್ಷದ ಆ ಕಠೋರ ನುಡಿಗೆ ಕ್ಷಮೆ ಕೇಳುತ್ತಾಳೆ. ಎರಡು ವರ್ಷಗಳಲ್ಲಿ ಯಾವುದರಲ್ಲಿ ವ್ರತ ಉಳಿಯಿತೆಂಬುದನ್ನು ಧರ್ಮಬಂಧುಗಳೇ ವಿಚಾರಿಸಬಹುದು. ವೇದನೆಯಲ್ಲಿರುವ ಸಮಸ್ತ ಜೀವಿಗಳಿಗೂ ಸಾತೆಯು ಉಂಟಾಗಲಿ, ಉಂಟಾಗುವವರೆಗೆ ಸಮತೆಯು ಅಗಲದಿರಲಿ.